ಗೋಡೆಗೆ ತೂಗುವ ಕಡತದ ಕಪಾಟು ಮುಂದಕ್ಕೆ ಬಾಗುತ್ತಿದೆ: ಸೈಡ್ ಬ್ರಾಕೆಟ್ 1.2 ಮಿ.ಮೀ. ಸಾಕೇ, 2 ಬೇಕೇ?

ಪೀಣ್ಯ ಶೀಟ್‌ಮೆಟಲ್:
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಆರು ಜನರ ಸಣ್ಣ ಘಟಕ. ತಗಡು ಮಡಚುವ ಪ್ರೆಸ್ ಬ್ರೇಕ್, ಸ್ಪಾಟ್ ವೆಲ್ಡಿಂಗ್ ನಮ್ಮಲ್ಲೇ ಇವೆ. ಲೇಸರ್ ಕಟಿಂಗ್ ಮತ್ತು ಪೌಡರ್ ಕೋಟಿಂಗ್ (ಪುಡಿಬಣ್ಣದ ಲೇಪನ) ಹೊರಗೆ ಮಾಡಿಸುತ್ತೇವೆ.

ಮೂರು ತಿಂಗಳ ಹಿಂದೆ ಒಂದು ಕಚೇರಿಗೆ ಮೇಜುಗಳ ಮೇಲೆ ಗೋಡೆಗೆ ತೂಗುವ 40 ಕಪಾಟು ಮಾಡಿಕೊಟ್ಟೆವು. ಅಗಲ 900 ಮಿ.ಮೀ., ಎತ್ತರ 400, ಆಳ 350. ಗೋಡೆಗೆ ಎರಡು ಕಿಂಡಿಪಟ್ಟಿ, 25 ಮಿ.ಮೀ.ಗೊಂದು ಕಿಂಡಿ. ಕಪಾಟಿನ ಎರಡೂ ಬದಿಗೆ ಒಂದೊಂದು ಸೈಡ್ ಬ್ರಾಕೆಟ್, ಅದರ ಹಿಂಬದಿಯ ಎರಡು ಕೊಕ್ಕೆಗಳು ಆ ಕಿಂಡಿಗಳಲ್ಲಿ ಕೂರುತ್ತವೆ. ಬ್ರಾಕೆಟ್ 1.2 ಮಿ.ಮೀ. ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಉಕ್ಕಿನ) ತಗಡು, ಎತ್ತರ 150, ಕೊಕ್ಕೆಯಿಂದ ಕೊಕ್ಕೆಗೆ 100. ಮೇಲೂ ಕೆಳಗೂ 15 ಮಿ.ಮೀ. ಮಡಿಕೆ ಕೊಟ್ಟಿದ್ದೇವೆ.

ಈಗ ಏಳು ಕಪಾಟುಗಳು ಮುಂದಕ್ಕೆ ಬಾಗಿವೆ. ಒಂದರ ಮುಂದಿನ ಅಂಚು 11 ಮಿ.ಮೀ. ಇಳಿದಿದೆ. ಯಾವುದೂ ಬಿದ್ದಿಲ್ಲ. ಆದರೆ ಅದರ ಕೆಳಗೆ ಜನ ದಿನವಿಡೀ ಕೂರುತ್ತಾರೆ, ಅದೇ ನನಗೆ ಸಂಕಟ. ಕಚೇರಿಯವರು 80 ಬ್ರಾಕೆಟ್‌ಗಳನ್ನೂ 2 ಮಿ.ಮೀ. ತಗಡಿನಲ್ಲಿ ಮಾಡಿ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲು ನಾನು ಸಿದ್ಧ. ಬದಲಿಸಿದ ಮೇಲೂ ಬಾಗಿದರೆ ಏನು ಮಾಡಲಿ? ಅನುಭವ ಇರುವವರು ಹೇಳಿ.

ಉದ್ಯಮಬಾಗ ವೆಲ್ಡರ್:
2 ಮಿ.ಮೀ. ಹಾಕಿ, ಯೋಚನೆ ಬೇಡ. 1.2 ತಗಡಿನಲ್ಲಿ ಬಾಗಿಲು ಮಾಡಬಹುದು, ಭಾರ ಹೊರುವ ಬ್ರಾಕೆಟ್ ಮಾಡಬಾರದು. ಬೆಳಗಾವಿಯಲ್ಲಿ ನಾವು ಬ್ರಾಕೆಟ್‌ಗೆ 25×5 ಮಿ.ಮೀ. ಕಬ್ಬಿಣದ ಪಟ್ಟಿಯನ್ನೇ ಬೆಸೆದು ಕೊಡುತ್ತೇವೆ, ಇಂದಿಗೂ ಒಂದೂ ಬಾಗಿಲ್ಲ.

ತುಮಕೂರು ಡಿಪ್ಲೊಮಾ:
ಮೊದಲು ಆ ಏಳು ಕಪಾಟುಗಳನ್ನು ಇಂದೇ ಖಾಲಿ ಮಾಡಿಸಿ ಸರ್. ಮಿಕ್ಕ ಚರ್ಚೆ ಆಮೇಲೆ.

ಪೀಣ್ಯ ಶೀಟ್‌ಮೆಟಲ್:
ಮಾಡಿಸಿದ್ದೇನೆ. ನಿನ್ನೆ ಸಂಜೆಯೇ ಕಡತಗಳನ್ನು ಕೆಳಗಿಳಿಸಿ, ಆ ಮೇಜುಗಳವರನ್ನು ಬೇರೆ ಕಡೆ ಕೂರಿಸಿದ್ದಾರೆ.

ವಿನ್ಯಾಸ ಕೋಷ್ಠ:
ಬೆಳಗಾವಿಯ ಅಣ್ಣನವರ ಮಾತನ್ನು ನಾನು ಒಪ್ಪುವುದಿಲ್ಲ. ದಪ್ಪ ಹೆಚ್ಚಿಸುವ ಮೊದಲು ಲೆಕ್ಕ ನೋಡಿ. ಮುಂದಿನ ಅಂಚು 350ಕ್ಕೆ 11 ಇಳಿದಿದೆ ಎಂದರೆ, 100ಕ್ಕೆ ಸುಮಾರು 3. ಅಂದರೆ ಕೆಳಗಿನ ಕೊಕ್ಕೆಯ ಜಾಗ ತಿರುಗುಬಿಂದುವಾಗಿ, ಮೇಲಿನ ಕೊಕ್ಕೆ ಇದ್ದಲ್ಲಿಂದ 3 ಮಿ.ಮೀ. ಹೊರಗೆ ಬಂದಿದೆ. ಬ್ರಾಕೆಟ್ ಬಾಗಿತೋ, ಕೊಕ್ಕೆ ಬಿಚ್ಚಿಕೊಂಡಿತೋ, ಕಿಂಡಿ ಅರಳಿತೋ, ಪಟ್ಟಿಯೇ ಗೋಡೆ ಬಿಟ್ಟಿತೋ? ಆ 3 ಮಿ.ಮೀ. ಎಲ್ಲಿಂದ ಬಂತು ಎಂದು ತಿಳಿಯದೆ 80 ಬ್ರಾಕೆಟ್ ಮಾಡಿಸಿದರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಇನ್ನೊಂದು ಪ್ರಶ್ನೆ. ಭಾರ ಎಷ್ಟು ಎಂದು ಅಂದಾಜು ಮಾಡಿದ್ದಿರಿ?

ಪೀಣ್ಯ ಶೀಟ್‌ಮೆಟಲ್:
ಬಾಕ್ಸ್ ಫೈಲ್ ಹತ್ತು ಹನ್ನೊಂದು ಹಿಡಿಯುತ್ತವೆ, 30 ಕೆ.ಜಿ. ಎಂದುಕೊಂಡಿದ್ದೆ. ಕಪಾಟಿನ ತೂಕ 16. ಒಟ್ಟು 45–46.

ವಿನ್ಯಾಸ ಕೋಷ್ಠ:
ಹಾಗಾದರೆ ಕೇಳಿ. ಭಾರದ ನಡುಬಿಂದು ಗೋಡೆಯಿಂದ ಸುಮಾರು 175 ಮಿ.ಮೀ. ಮುಂದೆ. 45ನ್ನು 175ರಿಂದ ಗುಣಿಸಿ, ಕೊಕ್ಕೆಗಳ ನಡುವಿನ 100ರಿಂದ ಭಾಗಿಸಿ. ಮೇಲಿನ ಕೊಕ್ಕೆಗಳನ್ನು ಗೋಡೆಯಿಂದ ಕೀಳುವ ಎಳೆತ ಸುಮಾರು 79 ಕೆ.ಜಿ., ಅಂದರೆ ಬದಿಗೆ 39. ಹೊರುವ ಭಾರ 45 ಆದರೆ ಕೀಳುವ ಎಳೆತ 79! ಅದೇ ಬ್ರಾಕೆಟ್ ಕಪಾಟಿನ ಪೂರ್ತಿ ಎತ್ತರಕ್ಕೆ ಇದ್ದು, ಕೊಕ್ಕೆಯಿಂದ ಕೊಕ್ಕೆಗೆ 325 ಇದ್ದಿದ್ದರೆ ಎಳೆತ 24ಕ್ಕೆ ಇಳಿಯುತ್ತಿತ್ತು, ಬದಿಗೆ 12. ತಗಡಿನ ದಪ್ಪ ಕೂದಲೆಳೆಯಷ್ಟೂ ಬದಲಾಗದೆ.

ಉದ್ಯಮಬಾಗ ವೆಲ್ಡರ್:
ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಕಿಂಡಿಯ ಅಂಚಿನ ಮೇಲೆ ಕೊಕ್ಕೆ ಕೂರುವ ಜಾಗ ಎಷ್ಟು ಎಂದು ಯಾರಾದರೂ ನೋಡಿದ್ದೀರಾ? 1.2ರ ಕೊಕ್ಕೆ 1.2ರ ಪಟ್ಟಿಯ ಮೇಲೆ ಕೂತರೆ ಅದು ಚಾಕುವಿನ ಮೇಲೆ ಚಾಕು ಇಟ್ಟಂತೆ. ನಾನು ದಪ್ಪ ಎನ್ನುವುದು ಅದಕ್ಕೆ.

ವಿನ್ಯಾಸ ಕೋಷ್ಠ:
ಇದು ಸರಿಯಾದ ಮಾತು, ನಾನು ಬಿಟ್ಟಿದ್ದೆ. ಪಟ್ಟಿ ಎಷ್ಟು ದಪ್ಪ ಸರ್?

ಪೀಣ್ಯ ಶೀಟ್‌ಮೆಟಲ್:
ಪಟ್ಟಿಯೂ 1.2. ನಾಳೆ ಬೆಳಿಗ್ಗೆ ಸ್ಥಳಕ್ಕೆ ಹೋಗಿ ಒಂದೊಂದನ್ನೇ ಬಿಚ್ಚಿ ನೋಡಿ ಬರೆಯುತ್ತೇನೆ.

ದುಬೈ ಸೈಟ್ ಮೇಲ್ವಿಚಾರಕ:
ಗೋಡೆ ಯಾವುದು ಎಂದು ಯಾರೂ ಕೇಳಲಿಲ್ಲವಲ್ಲ! ಇಟ್ಟಿಗೆಯೋ, ಕಾಂಕ್ರೀಟ್ ಬ್ಲಾಕೋ, ಜಿಪ್ಸಮ್ ಹಲಗೆಯೋ? ಇಲ್ಲಿ ನಮ್ಮ ಕಚೇರಿಗಳೆಲ್ಲ ಜಿಪ್ಸಮ್ ವಿಭಜಕ. 12.5 ಮಿ.ಮೀ. ಹಲಗೆಗೆ ನೇರವಾಗಿ ತಿರುಪು ಹಾಕಿದರೆ ಗಡಿಯಾರ ತೂಗಬಹುದು, ಕಡತದ ಕಪಾಟು ತೂಗಲಾಗದು. ಕಪಾಟು ಬರುವ ಎತ್ತರಕ್ಕೆ ಒಳಗಡೆ 18 ಮಿ.ಮೀ. ಪ್ಲೈವುಡ್ ಕೂರಿಸಿ, ಅದನ್ನು ಸ್ಟಡ್‌ಗಳಿಗೆ (ಒಳಚೌಕಟ್ಟಿನ ಕಂಬಗಳಿಗೆ) ಬಿಗಿದು, ಆಮೇಲೆ ಹಲಗೆ ಮುಚ್ಚುತ್ತೇವೆ. ಗೋಡೆ ಮುಚ್ಚುವ ಮೊದಲೇ ಪೀಠೋಪಕರಣದವರು ನಕ್ಷೆ ಕೊಡಬೇಕು. ಕೊಡುವುದಿಲ್ಲ, ಪ್ರತಿ ಸಲವೂ ಅದೇ ಜಗಳ.

ಪೀಣ್ಯ ಶೀಟ್‌ಮೆಟಲ್:
ಎಎಸಿ (ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆ ಸರ್, ಒಳಗೋಡೆ, 100 ಮಿ.ಮೀ.

ದುಬೈ ಸೈಟ್ ಮೇಲ್ವಿಚಾರಕ:
ತಿರುಪು ಹಿಡಿಯಲು ಗೋಡೆಯ ತೂತಿಗೆ ಯಾವ ಪ್ಲಗ್ ಹಾಕಿದ್ದೀರಿ?

ಪೀಣ್ಯ ಶೀಟ್‌ಮೆಟಲ್:
ಜೋಡಿಸಲು ಹೋದ ಹುಡುಗರು ಮಾಮೂಲಿ 8 ಮಿ.ಮೀ. ನೈಲಾನ್ ಪ್ಲಗ್, 50 ಮಿ.ಮೀ. ತಿರುಪು ಹಾಕಿದ್ದಾರೆ.

ದುಬೈ ಸೈಟ್ ಮೇಲ್ವಿಚಾರಕ:
ಆ 50ರಲ್ಲಿ ಪಟ್ಟಿಯ ದಪ್ಪ ಮತ್ತು 12–15 ಮಿ.ಮೀ. ಗಿಲಾವು ಕಳೆಯಿರಿ. ಬ್ಲಾಕ್ ಒಳಗೆ ಹೋದದ್ದು 35. ಎಎಸಿ ಎಂದರೆ ಬ್ರೆಡ್ಡಿನಂತೆ ರಂಧ್ರ ತುಂಬಿದ ಬ್ಲಾಕ್, ಉಗುರಿನಲ್ಲಿ ಗೀರಿದರೂ ಪುಡಿ ಉದುರುತ್ತದೆ. ಡ್ರಿಲ್ ಯಂತ್ರವನ್ನು ಹ್ಯಾಮರ್‌ನಲ್ಲಿಟ್ಟು ಕೊರೆದರೆ 8ರ ತೂತು 10 ಆಗಿಬಿಡುತ್ತದೆ. ಹ್ಯಾಮರ್ ಬಂದ್ ಮಾಡಿ, ಬರಿದೇ ತಿರುಗಿಸಿ ಕೊರೆಯಬೇಕು. ಹಿಗ್ಗುವ ಲೋಹದ ಆಂಕರ್ ಬೋಲ್ಟ್ ಅಂತೂ ಎಎಸಿಗೆ ಬೇಡವೇ ಬೇಡ, ಬಿಗಿದಷ್ಟೂ ಬ್ಲಾಕ್ ಸೀಳುತ್ತದೆ. ಎಎಸಿಗೆಂದೇ ಬರುವ ಉದ್ದದ ಪ್ಲಗ್, ಇಲ್ಲವೇ ಅಂಟು ತುಂಬಿ ಕೂರಿಸುವ ರಾಸಾಯನಿಕ ಆಂಕರ್. 100ರ ಗೋಡೆಯಾದರೆ ಎಲ್ಲಕ್ಕಿಂತ ಭದ್ರ ಗೋಡೆಯನ್ನೇ ದಾಟಿ ಹೋಗುವ ಆರ್‌ಪಾರ್ ಬೋಲ್ಟ್, ಆ ಕಡೆಗೆ ಒಂದು ತಟ್ಟೆ.

ಕರಾವಳಿ ಬಡಗಿ:
ಇದನ್ನೆಲ್ಲ ಓದುವಾಗ ಅಜ್ಜನ ಮನೆಯ ನಾಗಂದಿಗೆ ನೆನಪಾಯಿತು. ಮುರಕಲ್ಲಿನ ಗೋಡೆ ಕಟ್ಟುವಾಗಲೇ ಮರದ ತೊಲೆಯ ಬಾಲವನ್ನು ಗೋಡೆಯೊಳಗೆ ಬಿಟ್ಟು ಕಟ್ಟುತ್ತಿದ್ದರು. ಹೊರಗೆ ಚಾಚಿದ ಮೂತಿಯ ಮೇಲೆ ಹಲಸಿನ ಹಲಗೆ. ಅದರ ಮೇಲೆ ಉಪ್ಪಿನಕಾಯಿ ಭರಣಿಗಳು, ತಾಮ್ರದ ಕೊಡಗಳು. ತೊಲೆಯ ಬಾಲದ ಮೇಲೆ ಇಡೀ ಗೋಡೆಯ ಭಾರ ಕೂತಿರುತ್ತಿತ್ತು, ಮೂತಿ ಬಾಗಲು ಸಾಧ್ಯವೇ ಇರಲಿಲ್ಲ. ಈಗ ಗೋಡೆ ಕಟ್ಟಿ ಮುಗಿದ ಮೇಲೆ ಕಪಾಟು ಬರುತ್ತದೆ, ಹಾಗಾಗಿ ಎಲ್ಲ ಭಾರವೂ ನಾಲ್ಕು ತಿರುಪಿನ ಮೇಲೆ.

ನನ್ನ ಅಭಿಪ್ರಾಯ ಕೇಳಿದರೆ ಇಂಥ ಕಪಾಟಿಗೆ ಮರವೇ ವಾಸಿ. 18 ಮಿ.ಮೀ. ಪ್ಲೈವುಡ್‌ನ ಬದಿ ಹಲಗೆಯೇ ಆಧಾರ. ಬೇರೆ ಬ್ರಾಕೆಟ್ ಬೇಕಿಲ್ಲ.

ತುಮಕೂರು ಡಿಪ್ಲೊಮಾ:
ಮರದಲ್ಲಿಯೂ ಇದೇ ಕತೆ ಆಗುತ್ತದೆ ಅಣ್ಣ. ನಮ್ಮ ಕಚೇರಿಯಲ್ಲಿ ಪಾರ್ಟಿಕಲ್ ಬೋರ್ಡ್ ಕಪಾಟು ಇತ್ತು. 6 ಮಿ.ಮೀ. ಹಿಂಬದಿ ಹಲಗೆಯ ಮೂಲಕ ಗೋಡೆಗೆ ತಿರುಪು ಹಾಕಿದ್ದರು. ಒಂದು ದಿನ ಹಿಂಬದಿ ಹಲಗೆ ಗೋಡೆಯಲ್ಲೇ ಉಳಿಯಿತು, ಕಪಾಟು ಮೇಜಿನ ಮೇಲೆ ಬಂತು. ಮಧ್ಯಾಹ್ನ ಊಟದ ಹೊತ್ತಾದ್ದರಿಂದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಕರಾವಳಿ ಬಡಗಿ:
ಅದು ಮರದ ತಪ್ಪಲ್ಲ, ಮಾಡಿದವನ ತಪ್ಪು. ಹಿಂಬದಿ ಹಲಗೆ ಧೂಳಿಗೆ ಮರೆ ಮಾತ್ರ, ಅದು ಭಾರ ಹೊರಬಾರದು. ಬದಿ ಹಲಗೆಯ ಒಳಮೈಗೆ ತೂಗು ಬ್ರಾಕೆಟ್ ತಿರುಪು ಹಾಕಿ, ಗೋಡೆಯ ಮೇಲಿನ ಪಟ್ಟಿಗೆ ಸಿಕ್ಕಿಸಬೇಕು. ತಳದ ಹಲಗೆಗೆ ಬದಿಯಲ್ಲಿ ಕಚ್ಚು ಕೊರೆದು ಕೂರಿಸಬೇಕು, ತಿರುಗಿಸಿ ಬಿಗಿಯುವ ಬರಿಯ ಕ್ಯಾಮ್ ಲಾಕ್ ನಂಬಬಾರದು. ಪಾರ್ಟಿಕಲ್ ಬೋರ್ಡ್‌ನ ದಪ್ಪದ ಅಂಚಿಗೆ ತಿರುಪು ಹಾಕಿದರೆ ಹಿಡಿತವೇ ಇರುವುದಿಲ್ಲ, ಮೈಗೆ ಹಾಕಿದರೆ ಪರವಾಗಿಲ್ಲ.

ಗುಮಾಸ್ತೆ ಮೈಸೂರು:
ನಾನು ಇಂಥ ಕಪಾಟಿನ ಕೆಳಗೆ ಹನ್ನೆರಡು ವರ್ಷದಿಂದ ಕೂರುತ್ತಿರುವವಳು. ನನ್ನದೂ ಒಂದು ಮಾತು ಸೇರಿಸಿಕೊಳ್ಳಿ. ಬ್ರಾಕೆಟ್‌ನ ಕೆಳಮುಂದಿನ ಮೂಲೆ ಸರಿಯಾಗಿ ಕಿವಿಯ ಎತ್ತರಕ್ಕೆ ಬರುತ್ತದೆ. ಎದ್ದು ನಿಲ್ಲುವಾಗ ಎರಡು ಸಲ ಹಣೆಗೆ ತಾಗಿದೆ, ಒಮ್ಮೆ ಸೆರಗು ಸಿಕ್ಕಿ ಹರಿದಿದೆ. ಮೂಲೆಯನ್ನು ಉರುಟಾಗಿ ಕತ್ತರಿಸಿ ಅಂಚನ್ನು ಒಳಗೆ ಮಡಚಲು ಆಗುವುದಿಲ್ಲವೇ?

ವಿನ್ಯಾಸ ಕೋಷ್ಠ:
ಖಂಡಿತ ಆಗುತ್ತದೆ ಮೇಡಂ, ಆಗಲೇಬೇಕು. ಮುಂದಿನ ಮೂಲೆಗೆ ಕನಿಷ್ಠ 20 ಮಿ.ಮೀ. ತ್ರಿಜ್ಯ, ತೆರೆದ ಅಂಚಿಗೆ ಪೂರ್ತಿ ಮಡಿಕೆ. ಮಡಚಿದ ಅಂಚು ಕೈ ಕೊಯ್ಯುವುದಿಲ್ಲ, ತಗಡೂ ಗಟ್ಟಿಯಾಗುತ್ತದೆ. ಒಂದೇ ಖರ್ಚಿನಲ್ಲಿ ಎರಡು ಲಾಭ.

ಪೌಡರ್ ಕೋಟಿಂಗ್ ಬೊಮ್ಮಸಂದ್ರ:
ಲೇಸರ್ ಕಟಿಂಗ್ ಹೊರಗೆ ಎಂದಿರಿ. ಆಮ್ಲಜನಕದಲ್ಲಿ ಕತ್ತರಿಸುತ್ತಾರೋ, ಸಾರಜನಕದಲ್ಲೋ? ಆಮ್ಲಜನಕದ ಅಂಚಿನ ಮೇಲೆ ಕಪ್ಪು ಪದರ ಕೂರುತ್ತದೆ. ಪೌಡರ್ ಅದರ ಮೇಲೆ ಅಂಟುತ್ತದೆ, ಆದರೆ ಆ ಪದರವೇ ಉದುರುವುದರಿಂದ ಕೊಕ್ಕೆಯ ಅಂಚಿನಲ್ಲಿ ಮೊದಲು ಸಿಪ್ಪೆ ಏಳುತ್ತದೆ. ಮಂಗಳೂರಿನ ಕಡೆಯ ಕೆಲಸವಾದರೆ ಒಂದೇ ಮಳೆಗಾಲಕ್ಕೆ ತುಕ್ಕು. ತೆಳು ತಗಡಿಗೆ ಸಾರಜನಕದಲ್ಲೇ ಕತ್ತರಿಸಲು ಹೇಳಿ.

ಇನ್ನು ಸಡಿಲದ ವಿಷಯ. ನಾವು ಕೂರಿಸುವುದು 60ರಿಂದ 80 ಮೈಕ್ರಾನ್. 70 ಎಂದು ಹಿಡಿಯಿರಿ: ಕೊಕ್ಕೆಯ ಎರಡೂ ಮೈ ಸೇರಿ 0.14 ದಪ್ಪವಾಗುತ್ತದೆ, ಕಿಂಡಿ 0.14 ಕಿರಿದಾಗುತ್ತದೆ. ಒಟ್ಟು 0.28 ಹೋಯಿತು. 0.4 ಸಡಿಲ ಇಟ್ಟವನಿಗೆ ಉಳಿಯುವುದು 0.12. ಆಗ ಜೋಡಿಸುವ ಹುಡುಗರು ರಬ್ಬರ್ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ, ಕೊಕ್ಕೆ ಪೂರ್ತಿ ಕೆಳಗೆ ಇಳಿಯುವುದೇ ಇಲ್ಲ. ಎರಡು ಕೊಕ್ಕೆಗಳಲ್ಲಿ ಒಂದೇ ಕೂತಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗದು.

ಪೀಣ್ಯ ಶೀಟ್‌ಮೆಟಲ್:
ನಮ್ಮ ಕಿಂಡಿ 1.6, ಕೊಕ್ಕೆ 1.2. ನೀವು ಹೇಳಿದ್ದೇ ಲೆಕ್ಕ! ಸುತ್ತಿಗೆ ಹೊಡೆದದ್ದೂ ನಿಜ, ಹುಡುಗರನ್ನು ಕೇಳಿದೆ.

ರಾಜಾಜಿನಗರ ಹಳಬ:
ನಾನು ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ, ಕಲಿತವನು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಮೊದಲ ವರ್ಷ ಅರ ಹಿಡಿಸಿಯೇ ಕಳೆಯುತ್ತಿದ್ದರು. ಈಗಿನವರಿಗೆ ಲೇಸರ್ ಇದೆ, ಅದಕ್ಕೇ ಅಂಚನ್ನು ಮುಟ್ಟಿ ನೋಡುವುದಿಲ್ಲ. ಕೊಕ್ಕೆ ಬ್ರಾಕೆಟ್‌ಗೆ ಸೇರುವ ಒಳಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಚೂಪಾಗಿ ಕತ್ತರಿಸಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ನಕ್ಷೆಯಲ್ಲಿ ಒಂದೂವರೆ ಮಿ.ಮೀ. ತ್ರಿಜ್ಯ ಹಾಕಿ, ಖರ್ಚು ಏನೂ ಇಲ್ಲ.

ಎಡ ಬಲದ ವಿಷಯದಲ್ಲೂ ಎಚ್ಚರ. ಬ್ರಾಕೆಟ್‌ನ ಮಡಚದ ತಗಡು ಎರಡೂ ಬದಿಗೆ ಒಂದೇ, ತಿರುವಿ ಹಾಕಿ ಮಡಚಿದರೆ ಎಡದ್ದು ಬಲದ್ದಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುತ್ತದೆ ನಿಜ. ಆದರೆ ಕತ್ತರಿಸಿದ ಅಂಚಿನ ಮುಳ್ಳು ಒಂದು ಬದಿಯಲ್ಲಿ ಒಳಗಿದ್ದರೆ ಇನ್ನೊಂದು ಬದಿಯಲ್ಲಿ ಹೊರಗೆ ಬರುತ್ತದೆ, ಮೇಲೆ ಮೇಡಂ ಹೇಳಿದ ಸೆರಗು ಹರಿಯುವುದು ಅಲ್ಲಿಯೇ. ಅರ್ಧ ಸಂಖ್ಯೆಯನ್ನು ಕನ್ನಡಿ ಬಿಂಬದಂತೆ ತಿರುವಿದ ನಕ್ಷೆಯಲ್ಲಿ ಕತ್ತರಿಸಿ.

ಹುಬ್ಬಳ್ಳಿ ಫ್ಯಾಬ್ರಿಕೇಟರ್:
ಎಡ ಬಲ ಎಂದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. 120 ಬ್ರಾಕೆಟ್ ಮಡಚಿ, ಕೋಟಿಂಗ್ ಮಾಡಿಸಿ, ಲಾರಿ ಹತ್ತಿಸಿದ ಮೇಲೆ ಎಲ್ಲವೂ ಎಡದವೇ ಎಂದು ಗೊತ್ತಾಯಿತು. ಅರವತ್ತು ಗುಜರಿಗೆ ಹೋದವು.

ಪೀಣ್ಯ ಶೀಟ್‌ಮೆಟಲ್:
ಸ್ಥಳಕ್ಕೆ ಹೋಗಿ ಬಂದೆ. ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಏಳನ್ನೂ ಬಿಚ್ಚಿ ನೋಡಿದೆ.

ಬ್ರಾಕೆಟ್‌ಗಳು ಏಳರಲ್ಲೂ ನೆಟ್ಟಗಿವೆ. ಗುನಿಯಾ (ಮೂಲೆಮಟ್ಟ) ಇಟ್ಟು ನೋಡಿದೆ, ಅರ್ಧ ಮಿ.ಮೀ. ಕೂಡ ಬಾಗಿಲ್ಲ. ಐದರಲ್ಲಿ ಗೋಡೆಪಟ್ಟಿಯ ಕಿಂಡಿ ಕೆಟ್ಟಿದೆ. ಕಿಂಡಿಯ ಕೆಳ ಅಂಚು ಜಜ್ಜಿ ಹೋಗಿದೆ, ಅದರ ಸುತ್ತಲಿನ ತಗಡು ತುಟಿ ಉಬ್ಬಿದಂತೆ ಮುಂದಕ್ಕೆ ಬಂದಿದೆ. ಎರಡರಲ್ಲಿ ಪಟ್ಟಿಯ ಮೇಲಿನ ಪ್ಲಗ್ ಗೋಡೆಯಿಂದ ಜಾರಿದೆ. ತಿರುಪನ್ನು ಎರಡು ಬೆರಳಲ್ಲಿ ಎಳೆದೆ, ಬಿಳಿ ಪುಡಿಯ ಸಮೇತ ಕೈಗೆ ಬಂತು. ದುಬೈ ಸರ್ ಹೇಳಿದ ಹಾಗೆಯೇ.

ಇನ್ನೊಂದು, ಇದನ್ನು ನಾನು ಊಹಿಸಿಯೇ ಇರಲಿಲ್ಲ. ಕಪಾಟುಗಳ ನೆತ್ತಿಯ ಮೇಲೆ ಎ4 ಕಾಗದದ ಕಟ್ಟುಗಳನ್ನು ಜೋಡಿಸಿಟ್ಟಿದ್ದಾರೆ. 11 ಮಿ.ಮೀ. ಬಾಗಿದ ಕಪಾಟಿನ ಮೇಲೆ 14 ಕಟ್ಟು ಇದ್ದವಂತೆ. ಒಳಗಿನ ಫೈಲ್‌ಗಳನ್ನೂ ತೂಗಿಸಿದೆ, 38 ಕೆ.ಜಿ.

ವಿನ್ಯಾಸ ಕೋಷ್ಠ:
80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದದ 500 ಹಾಳೆಯ ಕಟ್ಟು ಒಂದಕ್ಕೆ 2.5 ಕೆ.ಜಿ. 14ಕ್ಕೆ 35. ಒಳಗೆ 38, ಕಪಾಟು 16. ಸುಮಾರು 90 ಕೆ.ಜಿ. ಆಯಿತು, ನಿಮ್ಮ ಅಂದಾಜಿನ ಎರಡು ಪಟ್ಟು. ಕೊಕ್ಕೆ ಕೀಳುವ ಎಳೆತ 157, ಬದಿಗೆ 79.

ವೆಲ್ಡರ್ ಅಣ್ಣ ಕೇಳಿದ ಲೆಕ್ಕವನ್ನೂ ಮಾಡಿದೆ. ಬದಿಗೆ 45 ಕೆ.ಜಿ. ಭಾರ, ಅಂದರೆ 441 ನ್ಯೂಟನ್. ಒಂದೇ ಕೊಕ್ಕೆ ಕೂತಿದ್ದರೆ ಅದು ನಿಂತಿರುವ ಜಾಗ 1.2×1.2, ಒಂದೂವರೆ ಚದರ ಮಿ.ಮೀ. ಕೂಡ ಇಲ್ಲ. ಒತ್ತಡ ಚದರ ಮಿ.ಮೀ.ಗೆ 300 ನ್ಯೂಟನ್ ದಾಟುತ್ತದೆ. ಸಾಮಾನ್ಯ ಸಿಆರ್‌ಸಿಎ ತಗಡು 200–250ರ ಆಸುಪಾಸಿನಲ್ಲೇ ಮಣಿಯುತ್ತದೆ. ಕಿಂಡಿ ಜಜ್ಜದೆ ಇನ್ನೇನಾದೀತು! ಕೊಕ್ಕೆ 1.6, ಪಟ್ಟಿ 2 ಮಾಡಿದರೆ ಜಾಗ 3.2, ಒತ್ತಡ 140ಕ್ಕಿಂತ ಕೆಳಗೆ. ದಪ್ಪ ಬೇಕಾದದ್ದು ನಿಜ, ಆದರೆ ಬ್ರಾಕೆಟ್‌ಗಿಂತ ಹೆಚ್ಚಾಗಿ ಪಟ್ಟಿಗೆ.

ಉದ್ಯಮಬಾಗ ವೆಲ್ಡರ್:
ಪಟ್ಟಿಯ ಬಗ್ಗೆ ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ನಾವು ಪಟ್ಟಿಗೆ ಯಾವಾಗಲೂ ದಪ್ಪದ್ದನ್ನೇ ಹಾಕುವುದರಿಂದ ನಮ್ಮವು ಉಳಿದುಕೊಂಡಿವೆ ಎನ್ನಿಸುತ್ತದೆ.

ಗುಮಾಸ್ತೆ ಮೈಸೂರು:
ನೆತ್ತಿಯ ಮೇಲೆ ಇಡುತ್ತಾರೆ ಸರ್, ಇಟ್ಟೇ ಇಡುತ್ತಾರೆ. ಕಚೇರಿಯಲ್ಲಿ ಕಾಗದ ಇಡಲು ಬೇರೆ ಜಾಗವೇ ಇರುವುದಿಲ್ಲ.

ತುಮಕೂರು ಡಿಪ್ಲೊಮಾ:
ಹಾಗಾದರೆ ನೆತ್ತಿಯನ್ನು ಇಳಿಜಾರು ಮಾಡಿ. ಬ್ರಾಕೆಟ್‌ನ ಮೇಲಂಚನ್ನೇ ಓರೆಯಾಗಿ ಕತ್ತರಿಸಿದರೆ ಮುಚ್ಚಳವೂ ಓರೆ, ಯಾರೂ ಏನೂ ಇಡಲಾಗದು.

ಗುಮಾಸ್ತೆ ಮೈಸೂರು:
ಆಗ ಆ ಕಾಗದ ನಮ್ಮ ಕಾಲ ಬಳಿ ಬರುತ್ತದೆ. ಇಡಬೇಡಿ ಎನ್ನುವುದಕ್ಕಿಂತ ಇಟ್ಟರೂ ತಡೆಯುವ ಹಾಗೆ ಮಾಡಿಕೊಡಿ.

ವಿನ್ಯಾಸ ಕೋಷ್ಠ:
ನಾನು ಮೇಡಂ ಪಕ್ಷ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 17634 ಸಂಗ್ರಹ ಪೀಠೋಪಕರಣಗಳಿಗೇ ಇರುವ ಮಾನದಂಡ, ಅದನ್ನು ತರಿಸಿ ಓದಿ ಪರೀಕ್ಷೆಗಳನ್ನು ನೋಡಿಕೊಳ್ಳಿ. ದೊಡ್ಡ ಕಚೇರಿಗಳು ಅಮೆರಿಕದ ಪೀಠೋಪಕರಣ ತಯಾರಕರ ಸಂಘವಾದ ಬಿಫ್ಮಾದ ಎಕ್ಸ್5.9 ಮಾನದಂಡ ಕೇಳುತ್ತವೆ. ಅದೂ ಸಂಗ್ರಹ ಘಟಕಗಳದ್ದೇ.

ಹುಬ್ಬಳ್ಳಿ ಫ್ಯಾಬ್ರಿಕೇಟರ್:
ಬೀಗ ಮರೆಯಬೇಡಿ. ಕೆಳಗಿನಿಂದ ಯಾರಾದರೂ ತಲೆ ತಾಗಿಸಿ ಎತ್ತಿದರೆ ಕೊಕ್ಕೆ ಕಿಂಡಿಯಿಂದ ಮೇಲೆದ್ದು ಹೊರಬರುತ್ತದೆ. ಕೆಳಗಿನ ಕೊಕ್ಕೆಯ ಬಳಿ ಒಂದು ಅಡ್ಡ ತಿರುಪು, ಅಷ್ಟೇ ಸಾಕು.

ಪೀಣ್ಯ ಶೀಟ್‌ಮೆಟಲ್:
ಎರಡು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಮಾದರಿ ಸಿದ್ಧವಾಗಿದೆ.

ಬ್ರಾಕೆಟ್ ಈಗ ಕಪಾಟಿನ ಎತ್ತರದ್ದೇ, 1.6 ಮಿ.ಮೀ. ಮೇಲ್ಗಡೆ 25 ಮಿ.ಮೀ. ಅಂತರದಲ್ಲಿ ಎರಡು ಕೊಕ್ಕೆ, ಕೆಳಗೊಂದು. ಮೇಲಿನದರಿಂದ ಕೆಳಗಿನದಕ್ಕೆ 325. ಒಳಮೂಲೆಗೆ ಒಂದೂವರೆ ತ್ರಿಜ್ಯ, ಮುಂದಿನ ಮೂಲೆಗೆ 20, ತೆರೆದ ಅಂಚು ಪೂರ್ತಿ ಮಡಿಕೆ. ಪಟ್ಟಿ 2 ಮಿ.ಮೀ., ಕಿಂಡಿ 2.2. ಪಟ್ಟಿಯ ತಿರುಪನ್ನು ಮೇಲಿನ ಕೊಕ್ಕೆಗಿಂತ 40 ಮಿ.ಮೀ. ಮೇಲಕ್ಕೆ ತಂದಿದ್ದೇವೆ, ಮೊದಲು ಅದು ಕೊಕ್ಕೆಗಿಂತ ಕೆಳಗಿತ್ತು. ಹಿಂಬದಿಯ ಕೋಣೆ ಉಗ್ರಾಣ, ಹಾಗಾಗಿ ಆರ್‌ಪಾರ್ ಬೋಲ್ಟ್ ಹಾಕಲು ಒಪ್ಪಿದ್ದಾರೆ. ಆ ಕಡೆ 50×50×3 ತಟ್ಟೆ. ಸಡಿಲದಿಂದ ಇಳಿಯುವುದನ್ನು ಲೆಕ್ಕ ಹಿಡಿದು, ಖಾಲಿ ಕಪಾಟಿನ ಮುಂದಿನ ಅಂಚು 3 ಮಿ.ಮೀ. ಮೇಲೆ ಇರುವಂತೆ ಕೊಕ್ಕೆಯ ಸಾಲನ್ನು ಅರ್ಧ ಡಿಗ್ರಿ ಓರೆ ಮಾಡಿದ್ದೇವೆ.

ಘಟಕದ ಹಿಂಬದಿಯಲ್ಲಿ ಎಎಸಿ ಬ್ಲಾಕ್‌ನ ತುಂಡುಗೋಡೆ ಕಟ್ಟಿಸಿ, ಗಿಲಾವು ಮಾಡಿಸಿ, ಅದಕ್ಕೇ ತೂಗುಹಾಕಿದೆವು. ಎಂ-ಸ್ಯಾಂಡ್ ಚೀಲ 120 ಕೆ.ಜಿ., ಅರ್ಧ ಒಳಗೆ, ಅರ್ಧ ನೆತ್ತಿಯ ಮೇಲೆ. ಮೂರು ದಿನ ಹಾಗೇ ಬಿಟ್ಟೆವು. ಭಾರ ಇದ್ದಾಗ ಮುಂದಿನ ಅಂಚು 3 ಮಿ.ಮೀ. ಇಳಿದು ರಸಮಟ್ಟಕ್ಕೆ ಸರಿಯಾಗಿ ನಿಂತಿತು. ಚೀಲ ತೆಗೆದ ಮೇಲೆ ಎರಡೂವರೆ ವಾಪಸ್ ಬಂತು. ಕಿಂಡಿಯ ಅಂಚಿನಲ್ಲಿ ಪೌಡರ್ ಮಾತ್ರ ಸ್ವಲ್ಪ ಉಜ್ಜಿಹೋಗಿದೆ, ತಗಡಿಗೆ ಏನೂ ಆಗಿಲ್ಲ.

ಪೌಡರ್ ಕೋಟಿಂಗ್ ಬೊಮ್ಮಸಂದ್ರ:
ಕಿಂಡಿ 2.2, ಕೊಕ್ಕೆ 1.6. ಕೋಟಿಂಗ್ ಆದ ಮೇಲೂ 0.3 ಉಳಿಯುತ್ತದೆ, ಸರಿಯಾಗಿದೆ. ಸುತ್ತಿಗೆ ಬೇಕಾಗದು.

ದುಬೈ ಸೈಟ್ ಮೇಲ್ವಿಚಾರಕ:
ಏಳನ್ನು ಮಾತ್ರ ಬದಲಿಸುತ್ತೀರಾ, 40ನ್ನೂ?

ಪೀಣ್ಯ ಶೀಟ್‌ಮೆಟಲ್:
40ನ್ನೂ. ಮಿಕ್ಕ 33ರ ಪಟ್ಟಿಯೂ ಪ್ಲಗ್ಗೂ ಅವೇ ಅಲ್ಲವೇ? ತಗಡಿನ ಖರ್ಚು ನನ್ನದು, ಬೋಲ್ಟ್ ಮತ್ತು ಬಣ್ಣದ ರಿಪೇರಿ ಅವರದು ಎಂದು ಮಾತಾಗಿದೆ. ಅಲ್ಲಿಯವರೆಗೆ 40 ಕಪಾಟುಗಳ ನೆತ್ತಿಯಿಂದಲೂ ಕಾಗದ ಇಳಿಸಿದ್ದಾರೆ.

ಹುಬ್ಬಳ್ಳಿ ಫ್ಯಾಬ್ರಿಕೇಟರ್:
ಎಡ ಬಲಕ್ಕೆ ಗುರುತು ಏನು ಮಾಡಿದಿರಿ ಸರ್?

ಪೀಣ್ಯ ಶೀಟ್‌ಮೆಟಲ್:
ಕೆಳಗಿನ ಮಡಿಕೆಯ ಒಳಮೈಯಲ್ಲಿ ಎಡಕ್ಕೆ 4 ಮಿ.ಮೀ.ನ ಒಂದು ತೂತು, ಬಲಕ್ಕೆ ಎರಡು. ಲೇಸರ್ ನಕ್ಷೆಯಲ್ಲೇ ಹಾಕಿದ್ದೇವೆ, ಕೋಟಿಂಗ್ ಆದ ಮೇಲೂ ಬೆರಳಿಗೆ ಸಿಗುತ್ತದೆ.